ಡಚ್ಚಪ್ಪನ ಕೊನೆಯ ನಡೆ

ನಮ್ಮ ಮನೆಗೆ ಬರುವವರಿಗೆಲ್ಲ ಒಂದು ನಿರಾಸೆ ಕಾದಿರುತ್ತದೆ. ಮಲೇಶಿಯಾದ ಸುಬಾಂಗ್ ಜಯಾದಲ್ಲಿರುವ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ, ಕಿಟಕಿ ಪಕ್ಕದ ಸಣ್ಣ ಮೇಜಿನ ಮೇಲೆ, ಒಂದು ತುಡುಂಗ್ ಸಾಜಿ ಕವುಚಿಟ್ಟಿದ್ದೇನೆ. ಇಲ್ಲಿಯ ಮನೆಗಳಲ್ಲಿ ಮಾಡಿಟ್ಟ ಅಡುಗೆಗೆ ನೊಣ ಕೂರದಿರಲೆಂದು ಮುಚ್ಚುತ್ತಾರಲ್ಲ, ಓಲೆಯಲ್ಲಿ ಹೆಣೆದ ಬಣ್ಣಬಣ್ಣದ ಮುಚ್ಚಳ, ನಮ್ಮೂರ ಅಡಿಕೆಹಾಳೆಯ ಟೋಪಿ ಮುಟ್ಟಾಳೆಯನ್ನು ಉಬ್ಬಿಸಿ ದೊಡ್ಡದು ಮಾಡಿದ ಹಾಗಿರುತ್ತದೆ, ಅದು. ಉಡುಪಿ ಕಡೆಯ ಹೆಂಗಸಿನ ಮನೆ, ಭಾನುವಾರದ ಸಂಜೆ, ಮೇಜಿನ ಮೇಲೆ ಮುಚ್ಚಿಟ್ಟ ಬುಟ್ಟಿ. ಬಂದವರ ಕಣ್ಣು ಅಲ್ಲಿಗೇ ಹೋದರೆ ಅವರ ತಪ್ಪೇನೂ ಇಲ್ಲ. ಗೋಳಿಬಜೆಯೋ, ಕೊನೆಪಕ್ಷ ಇಲ್ಲಿಯ ತಮಿಳು ಮುಸಲ್ಮಾನರ ಮಮಕ್ ಅಂಗಡಿಯಿಂದ ತಪಾವ್ ಎಂದು ಕಟ್ಟಿಸಿ ತಂದ ರೊಟ್ಟಿಯೋ ಇರಬಹುದೆಂದು ಸಲುಗೆಯವರು ಮುಚ್ಚಳ ಎತ್ತಿಯೂ ಬಿಡುತ್ತಾರೆ. ಒಳಗೆ ನೋಡಿದರೆ ಚದುರಂಗ.

"ಮುಟ್ಬೇಡಿ, ಆಟ ನಡೀತಾ ಉಂಟು" ಎಂದು ನಾನು ಅಡುಗೆಮನೆಯಿಂದಲೇ ಹೇಳುತ್ತೇನೆ. ಯಾರ ಸರದಿ ಎಂದರೆ ನನ್ನದೇ ಎನ್ನುತ್ತೇನೆ. ಯಾವಾಗಿನಿಂದ ಎಂದು ಕೇಳುವವರಿಗೆ ಕಾಫಿ ಕೊಟ್ಟು ಬಾಯಿ ಮುಚ್ಚಿಸುತ್ತೇನೆ.

ಎದುರು ಫ್ಲ್ಯಾಟಿನ ಸರಸಕ್ಕ ಮಾತ್ರ ಏನೂ ಕೇಳಲಿಲ್ಲ. ತಮಿಳರು, ಇಲ್ಲೇ ಹುಟ್ಟಿ ಬೆಳೆದವರು, ಕರಿಬೇವಿನ ನೆಪದಲ್ಲಿ ದಿನಕ್ಕೊಮ್ಮೆ ಬಂದು ಹೋಗುವವರು. ಒಂದು ದಿನ ಮುಚ್ಚಳ ಎತ್ತಿ ನೋಡಿದರು, ಮೇಜಿನ ಆಚೆ ಬದಿಯ ಖಾಲಿ ಕುರ್ಚಿಯನ್ನು ನೋಡಿದರು, ಮಲಗಿದ ಮಗುವಿಗೆ ಹೊದಿಸುವ ಹಾಗೆ ಮೆಲ್ಲಗೆ ಮುಚ್ಚಿಟ್ಟರು. ಆವತ್ತಿನಿಂದ ಅವರು ಆ ಕುರ್ಚಿಯಲ್ಲಿ ಕೂರುವುದಿಲ್ಲ. ಬೇರೆ ಜಾಗ ಇಲ್ಲದಿದ್ದರೆ ನಿಂತೇ ಮಾತಾಡುತ್ತಾರೆ. ಕೂತುಕೊಳ್ಳಿ ಅಕ್ಕ ಎಂದು ಒತ್ತಾಯ ಮಾಡಿದರೆ "ಅಂಗೆ ಆಳ್ ಇರುಕ್ಕು ಮಾ" ಎನ್ನುತ್ತಾರೆ. ಅಲ್ಲಿ ಜನ ಇದ್ದಾರಂತೆ. ಬಸ್ಸಿನ ಸೀಟಿನ ವಿಷಯ ಹೇಳುವಷ್ಟು ಸಹಜವಾಗಿ ಹೇಳಿಬಿಡುತ್ತಾರೆ.

ಇದನ್ನು ಬರೆಯುವಾಗ ನನಗೇ ನಗು ಬರುತ್ತದೆ. ನಾನು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುವವಳು. ಬೆಳಗಾದರೆ ಹೆಣಗಳ ಮುಖ ನೋಡಿಯೇ ನನ್ನ ಕೆಲಸ ಶುರು. ಹೊಸ ಮಕ್ಕಳು ವಾಸನೆಗೆ ತಲೆ ತಿರುಗಿ ಬಿದ್ದರೆ, ಸತ್ತವರು ಏನೂ ಮಾಡುವುದಿಲ್ಲ ಕಣ್ರಪ್ಪ, ಏನಿದ್ದರೂ ಬದುಕಿದ್ದವರೇ ಮಾಡುವುದು ಎಂದು ಧೈರ್ಯ ಹೇಳುವುದೂ ನಾನೇ. ಅಂಥವಳು ಹೆಬ್ಬೆರಳಿನಷ್ಟು ಎತ್ತರದ ಒಂದು ಮರದ ರಾಜನಿಗೆ ಹೆದರಿ, ಹಾಲಿನಲ್ಲಿ ಕಸ ಗುಡಿಸುವಾಗ ಆ ಮೂಲೆಗೆ ಬೆನ್ನು ಹಾಕದೆ ಗುಡಿಸುತ್ತೇನೆ. ಊರಿಗೆ ಉಪದೇಶ ಹೇಳುವುದು ಎಂದರೆ ಇದೇ ಇರಬೇಕು.

ಇದೆಲ್ಲದರ ಮೂಲ ನನ್ನ ಚಿಕ್ಕಪ್ಪ. ನಮ್ಮಪ್ಪನ ತಮ್ಮ, ಫಿಸಿಕ್ಸ್ ಲೆಕ್ಚರರ್ ಆಗಿದ್ದವರು, ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ "ಕೇಳಿದ್ದೆ ಮಾರಾಯ್ರೆ, ಯಾರೂ ಒಪ್ಪಲಿಲ್ಲ" ಎಂದು ನಗಿಸಿ ಕಳಿಸುತ್ತಿದ್ದರು. ಉಡುಪಿಯ ನಮ್ಮ ಮನೆಯ ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆದು ಅವರು ನನಗೆ ಚದುರಂಗ ಕಲಿಸಿದರು. ಕಾಯಿಗಳಲ್ಲಿ ಅರ್ಧ ಕಳೆದುಹೋಗಿತ್ತು. ಒಂದು ಆನೆಯ ಜಾಗದಲ್ಲಿ ಕರ್ಪೂರದ ಡಬ್ಬಿ, ಒಂಟೆಯ ಜಾಗದಲ್ಲಿ ಕೆಮ್ಮಿನ ಔಷಧಿಯ ಮುಚ್ಚಳ, ಸಿಪಾಯಿಗಳಿಗೆ ಹುಣಸೆಬೀಜ. ಹುಣಸೆಬೀಜವನ್ನು ಹುರಿದು ತಿನ್ನುವ ಚಟ ನನಗಿದ್ದುದರಿಂದ ನನ್ನ ಸೈನ್ಯ ಆಟಕ್ಕೆ ಮೊದಲೇ ಕರಗಿರುತ್ತಿತ್ತು.

ನಮ್ಮ ಮನೆ ಆಟಕ್ಕೆ ನಮ್ಮದೇ ಒಂದು ಕಾನೂನು. ರಾಜ ಒಂದೊಂದೇ ಮನೆ ನಡೆಯುವವನು, ಸರಿ. ಆದರೆ ಅವನಿಗೆ ಅಲ್ಲಿಯವರೆಗೆ ಒಮ್ಮೆಯೂ ಚೆಕ್ ಬಿದ್ದಿಲ್ಲವೆಂದರೆ, ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ಹಾಗೆ ಎಗರಬಹುದು. ಇಕ್ಕಟ್ಟಿಗೆ ಸಿಕ್ಕವನಿಗೆ ದೇವರು ಕೊಟ್ಟ ಒಂದು ಜಿಗಿತ ಎನ್ನುತ್ತಿದ್ದಳು ನಮ್ಮಜ್ಜಿ. ಲೋಕವೆಲ್ಲ ಹೀಗೇ ಆಡುತ್ತದೆ ಎಂದುಕೊಂಡೇ ನಾನು ಬೆಳೆದೆ. ಕಾಲೇಜಿನ ಹಾಸ್ಟೆಲಿನಲ್ಲಿ ಚೆಸ್ ಸ್ಪರ್ಧೆ ಇಟ್ಟಾಗ, ಫೈನಲ್ಲಿಗೆ ಹೇಗೋ ಏನೋ ಹೋಗಿಬಿಟ್ಟೆ, ಅಲ್ಲಿ ನನ್ನ ರಾಜನನ್ನು ಠೀವಿಯಿಂದ ಎಗರಿಸಿದೆ. ನೆರೆದವರು ಬಿದ್ದು ಬಿದ್ದು ನಕ್ಕರು. ವರ್ಷವಿಡೀ ನನ್ನನ್ನು ಕುದುರೆರಾಣಿ ಎಂದೇ ಕರೆದರು. ಆ ರಜೆಗೆ ಮನೆಗೆ ಹೋಗಿ, ಯಾಕೆ ತಪ್ಪು ಕಲಿಸಿದ್ದು ಎಂದು ಚಿಕ್ಕಪ್ಪನ ಮೇಲೆ ಹರಿಹಾಯ್ದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ನಿನ್ನ ಹಾಗೆ ಒಬ್ಬನಿದ್ದ, ಕೂತ್ಕೋ ಎಂದರು. ಡಚ್ಚಪ್ಪನ ಕಥೆ ನಾನು ಮೊದಲು ಕೇಳಿದ್ದು ಆವತ್ತು.

ಅವನ ನಿಜವಾದ ಹೆಸರು ಗಂಟಲಲ್ಲಿ ಹುಟ್ಟಿ ಮೂಗಿನಲ್ಲಿ ಮುಗಿಯುವಂಥದ್ದು, ನಮ್ಮ ಮನೆಯಲ್ಲಿ ಯಾರಿಗೂ ತಿರುಗಲಿಲ್ಲ, ಹಾಗಾಗಿ ಡಚ್ಚಪ್ಪ. ನೂರು ವರ್ಷಕ್ಕೂ ಹಿಂದಿನವನು. ಅಪ್ಪ ಡಚ್ಚರ ಸರಕಾರಿ ಅಧಿಕಾರಿ, ಮಗ ಹುಟ್ಟಿದ್ದು ಸುಮಾತ್ರಾದಲ್ಲಿ. ಎತ್ತಿ ಆಡಿಸಿದ ಮಲಯ್ ಆಯಾ ಅವನಿಗೆ ಚದುರಂಗ ಕಲಿಸಿದಳಂತೆ, ಅವಳ ಊರಿನ ಕಾನೂನಿನ ಪ್ರಕಾರ. ಅಲ್ಲಿಯೂ ರಾಜನಿಗೆ ಒಂದು ಜಿಗಿತ ಉಂಟು ಎನ್ನುವುದು ಚಿಕ್ಕಪ್ಪನಿಗೆ ಬಲು ಹೆಮ್ಮೆಯ ವಿಷಯ. ಆಮೇಲೆ ಹುಡುಗ ಹಾಲೆಂಡಿಗೆ ಹೋದ, ದೊಡ್ಡವನಾದ, ಯುರೋಪಿನ ಊರೂರುಗಳ ಟೂರ್ನಮೆಂಟುಗಳಲ್ಲಿ ಎಡಗೈಯಲ್ಲೇ ಆಡಿದ. ಚಾಂಪಿಯನ್ನರನ್ನು ಸೋಲಿಸುತ್ತಿದ್ದ, ಮರುದಿನ ಪಟ್ಟಿಯ ಕೊನೆಯಲ್ಲಿದ್ದವನಿಗೆ ಸೋಲುತ್ತಿದ್ದ. ಒಮ್ಮೆಯೂ ಮೊದಲ ಸ್ಥಾನ ಬರಲಿಲ್ಲ. ಅವನಿಗೊಂದು ಚಾಳಿ ಇತ್ತು. ಆಟ ಶುರುವಾಗುವ ಮೊದಲು ತನ್ನ ರಾಜನನ್ನು ಅರ್ಧ ಸುತ್ತು ತಿರುಗಿಸಿಕೊಳ್ಳುವುದು. ಟೂರ್ನಮೆಂಟಿನ ಕಾಯಿಗಳಿಗೆ ಮುಖ ಎಲ್ಲಿರುತ್ತದೆ, ನೋಡಿದವರಿಗೆ ಅರ್ಥವಾಗುತ್ತಿರಲಿಲ್ಲ. ಆಯಾ ಹೇಳಿಕೊಟ್ಟದ್ದಂತೆ: ನಿನ್ನ ರಾಜ ನಿನ್ನ ಮುಖ ನೋಡುತ್ತಿರಬೇಕು, ಶತ್ರುವಿನ ಮುಖ ನೋಡಿದರೆ ಅವರ ಹಿಂದೆ ಹೋಗಿಬಿಡುತ್ತಾನೆ.

ಅವನ ಕೊನೆಯ ಟೂರ್ನಮೆಂಟಿನ ಕೊನೆಯ ಸುತ್ತು. ಗೆದ್ದರೆ ಜೀವಮಾನದಲ್ಲೇ ಮೊದಲ ಸಲ ಮೊದಲ ಸ್ಥಾನ. ಡಚ್ಚಪ್ಪನದು ಕರಿಕಾಯಿ. ಗಂಟೆಗಟ್ಟಲೆ ನಡೆದ ಆಟ, ರಾಜ ಮೂಲೆಯಲ್ಲಿ ಇಕ್ಕಟ್ಟಿಗೆ ಸಿಕ್ಕಿದ್ದಾನೆ. ಡಚ್ಚಪ್ಪ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತ. ಆಮೇಲೆ ರಾಜನನ್ನು ಎತ್ತಿ ಕುದುರೆಯ ಹಾಗೆ ಎಗರಿಸಿ ಇಟ್ಟ. ಅಷ್ಟು ವರ್ಷ ಅಷ್ಟು ಊರುಗಳಲ್ಲಿ ಸರಿಯಾಗಿ ಆಡಿದವನ ಕೈ ಆ ಹೊತ್ತಿಗೆ ಆಯಾಳ ಅಂಗಳಕ್ಕೆ ಹೋಗಿತ್ತು. ಯಾರೋ ನಕ್ಕರು. ತೀರ್ಪುಗಾರ ಬಂದು ಹಿಂದಕ್ಕೆ ಇಡಿ ಎಂದ. ಡಚ್ಚಪ್ಪ ಇಡಲಿಲ್ಲ. ಎದ್ದು, ಟೋಪಿಯನ್ನೂ ತೆಗೆದುಕೊಳ್ಳದೆ, ಬಾಗಿಲು ತೆರೆದು ಹೊರಗೆ ಹೋದ. ಮತ್ತೆ ಯಾರೂ ಅವನನ್ನು ಕಂಡಿಲ್ಲ. ಪೂರ್ವದ ಕಡೆ ಹಡಗು ಹತ್ತಿದ ಎಂದು ಕೆಲವರು ಅಂದರಂತೆ.

ಈ ಆಟಗಳೆಲ್ಲ ಇದ್ದ ಹಳೆ ಪುಸ್ತಕ ಚಿಕ್ಕಪ್ಪನ ಕಾಲೇಜಿನ ಲೈಬ್ರರಿಯಲ್ಲಿತ್ತು. ಅದನ್ನು ಗೆದ್ದಲು ತಿಂದಿತು. ಅಷ್ಟರೊಳಗೆ ಚಿಕ್ಕಪ್ಪ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದರು, ಉಳಿದವರು ವಿಷ್ಣುಸಹಸ್ರನಾಮ ಮಾಡಿಕೊಂಡ ಹಾಗೆ. ಡಚ್ಚಪ್ಪನ ಆಟಗಳು ಈಗ ಈ ಪ್ರಪಂಚದಲ್ಲಿ ಇರುವುದು ನನ್ನ ಬೋಳುತಲೆಯೊಳಗೆ ಮಾತ್ರ ಎಂದು ಅವರು ಹೇಳುವಾಗ ಆ ತಲೆಯನ್ನು ನಾವು ತಮಾಷೆ ಮಾಡುತ್ತಿದ್ದೆವು.

ನಾವು ಮಲೇಶಿಯಾಕ್ಕೆ ಬಂದು ಎಷ್ಟೋ ವರ್ಷವಾಗಿದ್ದರೂ, ಬನ್ನಿ ಬನ್ನಿ ಎಂದು ಕರೆದರೂ ಬಾರದಿದ್ದ ಚಿಕ್ಕಪ್ಪ ಕಳೆದ ವರ್ಷ ತಾವಾಗಿಯೇ ಟಿಕೆಟ್ ಮಾಡಿಸಿಕೊಂಡು ಬಂದಿಳಿದರು. ನಮ್ಮ ಮೇಲಿನ ಪ್ರೀತಿ ಎಂದುಕೊಂಡು ನಾನು ಉಬ್ಬಿಹೋದೆ. ಬಂದ ವಾರದಲ್ಲೇ ಮೆಲಾಕಾಕ್ಕೆ ಕರೆದುಕೊಂಡು ಹೋಗು ಎಂದರು. ಅಲ್ಲಿ ಗುಡ್ಡದ ಬುಡದಲ್ಲಿ ಡಚ್ಚರ ಹಳೆಯ ಸ್ಮಶಾನ ಒಂದಿದೆ, ಅದರ ಕಲ್ಲುಗಳನ್ನೆಲ್ಲ ಓದಬೇಕಂತೆ. ಸುಡುಬಿಸಿಲಿನಲ್ಲಿ ಓದಿದರು. ಡಚ್ಚಪ್ಪನ ಹೆಸರು ಸಿಗಲಿಲ್ಲ. ಸಿಗದ ಬೇಸರಕ್ಕೋ ಏನೋ, ಹಳೆ ಸಾಮಾನಿನ ಬೀದಿಯ ಒಂದು ಅಂಗಡಿಯಲ್ಲಿ ಈ ಚದುರಂಗ ಕೊಂಡರು. ಕೈಯಲ್ಲಿ ಕೆತ್ತಿದ ಕಾಯಿಗಳು. ರಾಜರಿಗೆ ಮುಖ ಇತ್ತು. ಕರಿರಾಜನ ಮುಖವಂತೂ ಸವೆದು ಸವೆದು, ಕಣ್ಣಿದ್ದ ಕಡೆ ಎರಡು ಗುಳಿ ಮಾತ್ರ. ಅಂಗಡಿಯ ಚೀನೀ ಮುದುಕ ಒಂದೊಂದೇ ಕಾಯಿ ಎತ್ತಿ ರಾಜಾ, ಮೆಂತ್ರಿ, ಕುದಾ ಎಂದು ಹೆಸರು ಹೇಳಿದಾಗ ಚಿಕ್ಕಪ್ಪ ನೆಂಟರು ಸಿಕ್ಕಿದ ಹಾಗೆ ಹಿಗ್ಗಿದರು. ಇದು ಆಡುವುದಕ್ಕಲ್ಲ, ಇಟ್ಟು ನೋಡುವುದಕ್ಕೆ ಎಂದು ಅವನು ಹೇಳಿದ್ದನ್ನು ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನದಿಂದ ಚಿಕ್ಕಪ್ಪ ಡಚ್ಚಪ್ಪನ ಆಟಗಳನ್ನು ಮೊದಲಿನಿಂದ ಆಡಲು ಕೂತರು. ಬೆಳಿಗ್ಗೆ ಕಾಫಿಯಾದ ಮೇಲೆ ಒಂದು ಆಟ, ಎರಡೂ ಕಡೆ ತಾವೇ. ನಾನು ಧೂಳು ಒರೆಸುವಾಗ ಕರಿರಾಜ ಹಿಂದುಮುಂದಾಗಿ ನಿಂತಿರುವುದು ಕಂಡು ಸರಿಮಾಡಿ ಇಟ್ಟೆ. ಸಂಜೆ ಕಾಲೇಜಿನಿಂದ ಬಂದಾಗ ಮತ್ತೆ ತಿರುಗಿದ್ದ. ದಿನಾ ಇದೇ ಆಯಿತು. ಡಚ್ಚಪ್ಪನ ಚಾಳಿ ನಿಮಗೂ ಬಂತಾ ಎಂದು ಚಿಕ್ಕಪ್ಪನನ್ನು ಛೇಡಿಸಿದರೆ, ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಡಚ್ಚಪ್ಪನ ನೆನಪಿಗೆ ತಿರುಗಿಸಿಡುತ್ತಿದ್ದೇನೆ ಎಂದು ಅವರು ತಿಳಿದಿದ್ದರಂತೆ. ಮಗಳು ಮೈತ್ರಿಯನ್ನು ಕೇಳಿದೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ, ಮಾತಿನ ಕೊನೆಗೆ ಇಲ್ಲಿಯವರ ಹಾಗೆ ಒಂದು 'ಲಾ' ಸೇರಿಸಿ ಉತ್ತರಿಸುವ ಮಗು ಅದು, ಶಾಲೆಯ ಚೆಸ್ ಟೀಮಿನವಳು. ತಾನು ಆ ಸೆಟ್ ಮುಟ್ಟುವುದೇ ಇಲ್ಲ, ಅದರ ಕಣ್ಣು ತನಗಾಗುವುದಿಲ್ಲ ಎಂದಳು. ಗಂಡ ಗೋಪಾಲ ವಾರವಿಡೀ ದೂರದ ಊರು ಬಯಾನ್ ಲೆಪಾಸಿನ ಫ್ಯಾಕ್ಟರಿಯಲ್ಲಿ, ಶನಿವಾರ ಬರುವವನು. ಏರ್ ಪ್ಯೂರಿಫೈಯರಿನ ವೈಬ್ರೇಷನ್‌ಗೆ ತಿರುಗುತ್ತದೆ ಎಂದು ಎಂಜಿನಿಯರ್ ಉತ್ತರ ಕೊಟ್ಟ. ಸರಿ ಎಂದುಕೊಂಡು ಸುಮ್ಮನಾದೆ. ಮಿಕ್ಕ ಕಾಯಿಗಳೇಕೆ ತಿರುಗುವುದಿಲ್ಲ ಎಂದು ಕೇಳುವ ಧೈರ್ಯ ಬರಲಿಲ್ಲ.

ಹೀಗಿರುವಾಗ ಒಂದು ದಿನ ಮಾಲಿನ ಎಸ್ಕಲೇಟರಿನಲ್ಲಿ ಚಿಕ್ಕಪ್ಪ ಎದೆ ಹಿಡಿದುಕೊಂಡು ಕುಸಿದರು. ಹೃದಯದ ಒಂದೊಂದು ನಾಳದ ಹೆಸರನ್ನೂ ನಿದ್ದೆಯಲ್ಲಿ ಹೇಳಬಲ್ಲ ನಾನು ಆವತ್ತು ಅವರ ಅಂಗಿಯ ಗುಂಡಿ ಬಿಚ್ಚಲಾರದೆ ಹೋದೆ. ಪರೀಕ್ಷೆಗಳಾದವು. ಬೈಪಾಸ್ ಆಗಬೇಕು, ತಡಮಾಡಬಾರದು, ಮಾಡಿಸಿಕೊಂಡರೆ ಇನ್ನೂ ಎಷ್ಟೋ ವರ್ಷ ಇರುತ್ತಾರೆ ಎಂದರು ಡಾಕ್ಟರು. ಚಿಕ್ಕಪ್ಪ ಬೇಡ ಎಂದರು. ಬೈದೆ, ಅತ್ತೆ, ಊಟ ಬಿಟ್ಟೆ. ಕೊನೆಗೆ ಕಾರಣ ಹೇಳಿದರು.

"ಡಚ್ಚಪ್ಪನ ಆಟ ಇನ್ನು ಸ್ವಲ್ಪವೇ ಉಳಿದದ್ದು, ಶಾಲೂ. ಕೊನೇದು ಮುಗಿದ ದಿನ ನನ್ನದೂ ಮುಗೀತದೆ. ಮತ್ತೆ ಎದೆ ಕೊಯ್ಸಿಕೊಂಡು ಎಂತ ಮಾಡುವುದು?"

ಹಾಗೆಂದು ಯಾರು ಹೇಳಿದ್ದು ಎಂದು ಕೇಳಿದೆ. ಅವರು ಮೇಜಿನ ಆಚೆಯ ಖಾಲಿ ಕುರ್ಚಿಯ ಕಡೆ ನೋಡಿ, ಕಾಫಿ ಆರಿತು ಎಂದು ಲೋಟ ನನಗೆ ಕೊಟ್ಟರು. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. ಅಪ್ಪ ಹೋದಮೇಲೆ ಅಪ್ಪನ ದನಿ ನನಗೆ ಉಳಿದಿರುವುದು ಚಿಕ್ಕಪ್ಪನ ಗಂಟಲಿನಲ್ಲಿ ಮಾತ್ರ. ಇವರನ್ನು ಕಳಕೊಳ್ಳಲು ನಾನು ತಯಾರಿರಲಿಲ್ಲ.

ಅಷ್ಟರಲ್ಲಿ ಹೊಗೆಯ ದಿನಗಳು ಬಂದವು. ಸುಮಾತ್ರಾದಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಗಾಳಿ ಅದರ ಹೊಗೆಯನ್ನೆಲ್ಲ ತಂದು ನಮ್ಮ ಮೇಲೆ ಸುರಿಯುತ್ತದೆ. ಎದುರಿನ ಕಟ್ಟಡ ಕಾಣುವುದಿಲ್ಲ, ಹಗಲಿನಲ್ಲೇ ಸೂರ್ಯ ಕುಂಕುಮದ ಬೊಟ್ಟಿನಂತಿರುತ್ತಾನೆ, ಶಾಲೆಗೆ ರಜೆ ಕೊಡುತ್ತಾರೆ. ಕಿಟಕಿ ಬಾಗಿಲು ಹಾಕಿಕೊಂಡು ಮೂರು ಜನ ಒಳಗೆ ಕೂತೆವು. ಗಾಜಿನ ಆಚೆಗಿನ ಆ ಹಳದಿ ಬಣ್ಣವನ್ನು ನೋಡುತ್ತ ಚಿಕ್ಕಪ್ಪ, ಅವನ ಊರಿನ ಹೊಗೆ ಎಂದರು. ಕೊನೆಯ ಆಟ ಭಾನುವಾರ ಎಂದೂ ಹೇಳಿದರು.

ಶನಿವಾರ ಸಂಜೆ ನಾನು ಒಂದು ಉಪಾಯ ಮಾಡಿದೆ. ರಾಜನೇ ಇಲ್ಲದ ಮೇಲೆ ಆಟ ಹೇಗೆ ನಡೆಯುತ್ತದೆ? ಚಿಕ್ಕಪ್ಪ ಸ್ನಾನಕ್ಕೆ ಹೋದಾಗ ಕರಿರಾಜನನ್ನು ಎತ್ತಿ ಅಡುಗೆಮನೆಗೆ ಒಯ್ದು ಅಕ್ಕಿ ಡಬ್ಬಿಯ ತಳದಲ್ಲಿ ಹುಗಿದೆ. ಮೊಣಕೈವರೆಗೆ ಕೈಹಾಕಿ, ಮೇಲೆ ಅಕ್ಕಿ ಸಮಮಾಡಿ, ಮುಚ್ಚಳದ ಮೇಲೆ ರುಬ್ಬುವ ಕಲ್ಲಿನ ಗುಂಡನ್ನೂ ಹೇರಿದೆ. ಮೈತ್ರಿ ಆ ಹೊತ್ತಿಗೆ ರೂಮಿನಲ್ಲಿ ಆನ್‌ಲೈನ್ ಟ್ಯೂಷನ್ನಿನಲ್ಲಿದ್ದಳು. ಗೋಪಾಲ ಹೊಗೆಗೆ ಹೆದರಿ ಆ ವಾರ ಬಂದಿರಲಿಲ್ಲ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿ ಮಲಗಿದೆ.

ಬೆಳಿಗ್ಗೆ ಅಡುಗೆಗೆಂದು ಹೋದರೆ ಗುಂಡು ಇಟ್ಟಲ್ಲೇ ಇತ್ತು. ಡಬ್ಬಿ ತೆರೆದು ಕೈ ಹಾಕಿದೆ. ಅಕ್ಕಿ ಬಿಟ್ಟರೆ ಏನೂ ಸಿಗಲಿಲ್ಲ. ಡಬ್ಬಿಯನ್ನೇ ನೆಲದ ಮೇಲೆ ಕವುಚಿ ಹಾಕಿ ಕೆದಕುತ್ತಿದ್ದಾಗ ಹಾಲಿನಿಂದ ಚಿಕ್ಕಪ್ಪನ ದನಿ ಕೇಳಿತು.

"ಶಾಲೂ, ಇವನ ಕಿರೀಟದಲ್ಲಿ ಅಕ್ಕಿ ಎಂತಕ್ಕೆ ಉಂಟು?"

ಹೋಗಿ ನೋಡಿದೆ. ಕರಿರಾಜ ಹಲಗೆಯ ಮೇಲೆ ತನ್ನ ಮನೆಯಲ್ಲಿ ನಿಂತಿದ್ದ, ಎದುರಾಳಿಗೆ ಬೆನ್ನು ಹಾಕಿ. ಚಿಕ್ಕಪ್ಪ ಉಗುರಿನಿಂದ ಒಂದು ಅಕ್ಕಿಕಾಳನ್ನು ಬಿಡಿಸಿ ನನ್ನ ಅಂಗೈಯಲ್ಲಿಟ್ಟರು. ಅವರ ಮುಖದಲ್ಲಿ ತುಂಟತನ ಇದೆಯೇ ಎಂದು ಹುಡುಕಿದೆ, ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಎದೆನೋವಿನವರು ಆ ಗುಂಡನ್ನು ಎತ್ತುವಂತಿರಲಿಲ್ಲ. ಮೈತ್ರಿ ಇನ್ನೂ ಎದ್ದಿರಲಿಲ್ಲ.

ತಪ್ಪಿಸಲು ಆಗದಿದ್ದರೆ ಎದುರು ಕೂತಾದರೂ ನೋಡೋಣ ಎನಿಸಿತು. ಒಬ್ಬರೇ ಆಡಬೇಡಿ, ಬಿಳಿಕಾಯಿ ನಾನು ನಡೆಸುತ್ತೇನೆ, ನೀವು ಹೇಳಿದ ಹಾಗೆ ಎಂದೆ. ಅವರು ಒಪ್ಪಿ, ಆ ಖಾಲಿ ಕುರ್ಚಿಯಲ್ಲಿ ಹೋಗಿ ಕೂತರು. ಊಟವಾದ ಮೇಲೆ ಶುರುಮಾಡಿದೆವು. ಹಗಲಿಗೇ ದೀಪ ಹಾಕಿದ್ದೆವು. ಚಿಕ್ಕಪ್ಪ ನನ್ನ ನಡೆ ಹೇಳುತ್ತಿದ್ದರು, ನಾನು ಇಡುತ್ತಿದ್ದೆ, ತಮ್ಮದನ್ನು ಅವರು ಹೇಳದೆ ಇಡುತ್ತಿದ್ದರು. ಮೈತ್ರಿ ಫೋನು ಬಿಟ್ಟು ನನ್ನ ಕುರ್ಚಿಯ ಹಿಂದೆ ಬಂದು ನಿಂತಳು. ಆಟ ಹೋಗುತ್ತ ಹೋಗುತ್ತ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಚಿಕ್ಕಪ್ಪ ಎಡಗೈಯಲ್ಲಿ ಆಡುತ್ತಿದ್ದರು. ಅವರು ಎಡಚರಲ್ಲ.

ಕರಿರಾಜ ಮೂಲೆಯಲ್ಲಿ ಸಿಕ್ಕಿಬಿದ್ದ. ಚಿಕ್ಕಪ್ಪ ಕಣ್ಣು ಮುಚ್ಚಿದರು. ಉಸಿರು ಮೇಲೆ ಮೇಲೆ ಬರುತ್ತಿತ್ತು, ತುಟಿಯ ಬಣ್ಣ ನನಗೆ ಹಿಡಿಸಲಿಲ್ಲ. ಎಡಗೈ ರಾಜನನ್ನು ಎತ್ತಿ ಕುದುರೆಯ ಹಾಗೆ ಎಗರಿಸಿ ಇಟ್ಟಿತು. ಕೈ ಮಡಿಲಿಗೆ ಬಿತ್ತು. ಅವರು ಕಣ್ಣು ತೆರೆಯಲಿಲ್ಲ.

"ಅಜ್ಜಾ, ದಟ್ಸ್ ಇಲ್ಲೀಗಲ್ ಲಾ" ಎಂದಳು ಮೈತ್ರಿ.

ಆ ಮಾತಿಗೆ ಚಿಕ್ಕಪ್ಪನ ತಲೆ ನಿಧಾನವಾಗಿ ಒಂದು ಕಡೆಗೆ ವಾಲಿತು. ಎದ್ದು ಬಾಗಿಲಿನ ಕಡೆ ಹೊರಟ ಒಬ್ಬ ಮನುಷ್ಯ, ಟೋಪಿ ಮರೆತು ಹೋಗುತ್ತಿರುವವನು, ನನ್ನ ಕಣ್ಣಿಗೆ ಕಂಡ ಎಂದರೆ ನೀವು ನಗಬಹುದು, ನಕ್ಕುಬಿಡಿ. ಇವನು ಹೋದರೆ ಚಿಕ್ಕಪ್ಪನೂ ಹೋಗುತ್ತಾರೆ ಎನ್ನುವುದೊಂದೇ ನನಗೆ ಗೊತ್ತಿದ್ದದ್ದು. ನಾನು ಮೇಜಿನ ಮೇಲೆ ಬಗ್ಗಿ, ಕ್ಲಾಸಿನಲ್ಲಿ ಕೊನೆ ಬೆಂಚಿಗೆ ಕೇಳಿಸುವ ದನಿಯಲ್ಲಿ ಕೇಳಿದೆ:

"ಚಿಕ್ಕಪ್ಪ, ಕರಿರಾಜನಿಗೆ ಈ ಆಟದಲ್ಲಿ ಎಲ್ಲಿಯಾದ್ರೂ ಚೆಕ್ ಬಿದ್ದಿತ್ತಾ?"

ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಆಡತೊಡಗಿತು. ಮೊದಲ ನಡೆಯಿಂದ ಲೆಕ್ಕ ಹಾಕುತ್ತಿದ್ದಾರೆಂದು ತಿಳಿಯಿತು. ಅವರು ಕಣ್ಣು ತೆರೆದರು.

"ಇಲ್ಲ" ಎಂದರು. "ಒಂದು ಸಲವೂ ಇಲ್ಲ."

"ಹಾಗಾದ್ರೆ ನಮ್ಮ ಮನೇಲಿ ಈ ನಡೆ ನಡೀತದೆ. ಈಗ ನನ್ನ ಸರದಿ" ಎಂದು ನಾನು ಕೈಗೆ ಸಿಕ್ಕಿದ ಒಂದು ಸಿಪಾಯಿಯನ್ನು ಒಂದು ಮನೆ ಮುಂದೆ ತಳ್ಳಿದೆ.

ಚಿಕ್ಕಪ್ಪ ಆ ಸಿಪಾಯಿಯನ್ನೇ ನೋಡುತ್ತ ಕೂತರು. ಅಷ್ಟೊಂದು ಜನ ಆ ಆಟ ನೋಡಿದ್ದಾರೆ, ಪುಸ್ತಕಕ್ಕೆ ಹಾಕಿದ್ದಾರೆ, ಇವರೋ ಅದನ್ನು ಜೀವಮಾನವಿಡೀ ಹೊತ್ತು ತಿರುಗಿದ್ದಾರೆ. ಆಯಾಳ ಕಾನೂನಿನ ಪ್ರಕಾರ ಅದು ಸರಿಯಾದ ನಡೆಯೇ ಎಂದು ಯಾರೂ ನೋಡಿರಲಿಲ್ಲ. ಮುಂದೇನು ಎಂದು ಕೇಳಿದೆ. ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ ಮಾರಾಯ್ತಿ ಎಂದು ಅವರು ನಕ್ಕರು, ಕಣ್ಣಲ್ಲಿ ನೀರಿತ್ತು. ಬೆವರು ಒರೆಸಿಕೊಂಡರು, ಬಲಗೈಯಲ್ಲಿ. ಇನ್ನು ಆಪರೇಷನ್ ಮಾಡಿಸಿಕೊಳ್ಳುವುದೇ ಸೈ, ಬಂದಮೇಲೆ ನನ್ನ ನಡೆ ಆಡುತ್ತೇನೆ, ಇದನ್ನು ಯಾರೂ ಕದಲಿಸಬೇಡಿ ಎಂದರು. ಹೊಗೆಯ ಧೂಳು ಕೂರದಿರಲಿ ಎಂದು ನಾನು ಅಡುಗೆಮನೆಯ ತುಡುಂಗ್ ಸಾಜಿ ತಂದು ಮುಚ್ಚಿದೆ.

ಆಪರೇಷನ್ ಚೆನ್ನಾಗಿ ಆಯಿತು. ಗೋಪಾಲ ರಜೆ ಹಾಕಿ ಬಂದ. ಮನೆಗೆ ಬೀಗ ಹಾಕಿ ಮೂವರೂ ಆಸ್ಪತ್ರೆಯಲ್ಲೇ ಕೂತಿದ್ದೆವು. ಐಸಿಯುವಿನಲ್ಲಿ ಚಿಕ್ಕಪ್ಪನಿಗೆ ಎಚ್ಚರವಾದಾಗ ನನ್ನನ್ನು ಒಳಗೆ ಬಿಟ್ಟರು. ಬಾಯಿ ಒಣಗಿತ್ತು, ದನಿ ಬರುತ್ತಿರಲಿಲ್ಲ. ಕಿವಿ ಹತ್ತಿರ ಒಯ್ದೆ. "ಕುದುರೆ ಹಿಂದೆ ಹೋಯ್ತು" ಎಂದರು. ಮತ್ತಿನ ಮಾತು ಎಂದು ತಲೆ ಸವರಿ ಬಂದೆ. ದೇವರ ದಯೆ, ಜೀವ ಉಳಿಯಿತಲ್ಲ ಎಂದು ಕಾರಿನಲ್ಲಿ ಅತ್ತೆ.

ಸ್ನಾನ ಮಾಡಿ ಬಟ್ಟೆ ಬದಲಿಸೋಣವೆಂದು ಮನೆಗೆ ಬಂದೆವು. ಗೋಪಾಲ ಬೀಗ ತೆಗೆದ. ಮೈತ್ರಿ ನೇರ ಮೇಜಿನ ಹತ್ತಿರ ಹೋಗಿ ಮುಚ್ಚಳ ಎತ್ತಿದಳು. ಎತ್ತಿದವಳು ಹಾಗೇ ನಿಂತಳು.

"ಅಮ್ಮಾ" ಎಂದಳು. "ಕುದುರೆ ಅಲ್ಲಿ ಇರ್ಲಿಲ್ಲ."

ಅವಳು ಕನ್ನಡದಲ್ಲಿ ಮಾತಾಡಿದ್ದು ಕೇಳಿಯೇ ಏನೋ ಆಗಿದೆ ಎಂದು ನನಗೆ ಗೊತ್ತಾಯಿತು, ಹಲಗೆ ನೋಡುವ ಮೊದಲೇ. ಕರಿಕುದುರೆ ಹಿಂದಕ್ಕೆ ಬಂದು ರಾಜನ ಪಕ್ಕದಲ್ಲಿ ನಿಂತಿತ್ತು. ಎರಡೂವರೆ ಮನೆ ಸರಿಯಾಗಿ ಎಣಿಸಿ ಹಿಂದಕ್ಕೆ ಬರುವ ವೈಬ್ರೇಷನ್ ಯಾವುದು ಎಂದು ನಾನು ಗೋಪಾಲನನ್ನು ಕೇಳಿದೆ. ಅವನು ಹೋಗಿ ಬಾಗಿಲಿನ ಬೀಗವನ್ನು ಮತ್ತೊಮ್ಮೆ ನೋಡಿ ಬಂದ. ಬೀಗ ಸರಿಯಾಗಿತ್ತು.

ಚಿಕ್ಕಪ್ಪ ಸುಧಾರಿಸಿಕೊಂಡು ಊರಿಗೆ ಹೋದರು. ಮಣಿಪಾಲದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾರೆ, ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಸಿಹಿ ಕದ್ದು ತಿಂದು ಬೈಸಿಕೊಳ್ಳುತ್ತಾರೆ. ಆಟ ಫೋನಿನಲ್ಲಿ ಮುಂದುವರಿಯಿತು. ಅವರು ಹೇಳಿದ ನಡೆಯನ್ನು ನಾನು ಇಲ್ಲಿ ಇಡುತ್ತೇನೆ, ನನ್ನದನ್ನು ಆಡಿ ತಿಳಿಸುತ್ತೇನೆ. ನನಗೆ ಎರಡೇ ಬಗೆಯ ನಡೆ ಗೊತ್ತು, ಕೆಟ್ಟದ್ದು ಮತ್ತು ಅದಕ್ಕಿಂತ ಕೆಟ್ಟದ್ದು. ಹಾಗಾಗಿ ಈ ಆಟ ಮುಗಿಯುವುದಾದರೆ ನಾನು ಸೋತೇ ಮುಗಿಯುತ್ತದೆ, ಡಚ್ಚಪ್ಪ ಗೆದ್ದು ತಣ್ಣಗಾಗುತ್ತಾನೆ, ಚಿಕ್ಕಪ್ಪನಿಗೂ ಏನೂ ಆಗುವುದಿಲ್ಲ ಎಂದು ನಿಶ್ಚಿಂತಳಾಗಿದ್ದೆ.

ಆಮೇಲೆ ಒಂದು ದಿನ ಚಿಕ್ಕಪ್ಪ ಹೇಳಿದ ನಡೆಯನ್ನು ಇಟ್ಟು ಕಾಫಿ ಕುಡಿಯುತ್ತಿದ್ದಾಗ ಮೈತ್ರಿ ಬಂದು ನೋಡಿದಳು, ಹುಬ್ಬು ಗಂಟಿಕ್ಕಿದಳು. ಅಮ್ಮಾ, ನಿನಗೆ ಮೇಟ್ ಇನ್ ಒನ್ ಇದೆ, ಆ ಆನೆಯನ್ನು ಕೊನೆ ಮನೆಗೆ ಒಯ್ದರೆ ಮುಗಿಯಿತು, ಅಜ್ಜ ಇಂಥ ತಪ್ಪು ಮಾಡುವುದೇ ಇಲ್ಲವಲ್ಲ ಎಂದಳು, ಇಂಗ್ಲಿಷಿನಲ್ಲಿ. ನಾನು ನೋಡಿದೆ. ಹೌದು. ನನ್ನಂಥವಳಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು. ಆಗಲೇ ಇನ್ನೊಂದನ್ನೂ ನೋಡಿದೆ. ಅಷ್ಟು ದಿನ ನನಗೆ ಬೆನ್ನು ಹಾಕಿಕೊಂಡೇ ನಿಂತಿದ್ದ ಕರಿರಾಜ ತಿರುಗಿದ್ದ. ಕಣ್ಣಿನ ಎರಡು ಗುಳಿಗಳು ನನ್ನ ಕಡೆ ನೋಡುತ್ತಿದ್ದವು. ಶತ್ರುವಿನ ಮುಖ ನೋಡುವ ರಾಜನ ಬಗ್ಗೆ ಆಯಾ ಹೇಳಿದ್ದು ನೆನಪಾಯಿತು.

ಆ ಸಂಜೆ ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳಿದೆ, ಆ ನಡೆ ಯಾಕೆ ಆಡಿದಿರಿ ಎಂದು. ಅವನಿಗೆ ಹಾಗೆ ಆಡಬೇಕೆಂದು ಕಂಡಿತು, ನಾನು ಹೇಳಿದೆ ಅಷ್ಟೇ ಎಂದರು. ಚದುರಂಗದಲ್ಲಿ ಮುಳುಗಿ ಎದ್ದ ಮನುಷ್ಯ, ನನಗೆ ಕಂಡದ್ದು ಅವರಿಗೆ ಕಾಣದೆ ಇರುತ್ತದೆಯೇ.

ಅಂದಿನಿಂದ ನನ್ನ ಸರದಿ. ಆನೆಯನ್ನು ನಾನು ಮುಟ್ಟಿಲ್ಲ, ಮುಟ್ಟಿದರೆ ಆಟ ಮುಗಿಯುತ್ತದೆ, ಕೊನೆಯದು ಮುಗಿದ ದಿನ ತನ್ನದೂ ಮುಗಿಯುತ್ತದೆ ಎಂದವರು ಚಿಕ್ಕಪ್ಪ. ಬೇರೆ ಕಾಯಿ ನಡೆಸಿ ತಪ್ಪಿಸಿಕೊಳ್ಳಬಹುದಲ್ಲ ಎನ್ನುತ್ತೀರಿ. ಮೇಜಿನ ಮುಂದೆ ಕೂತು ಕೈ ಚಾಚಿ ನೋಡಿದ್ದೇನೆ. ಯಾವ ಕಾಯಿಯ ಕಡೆ ಚಾಚಿದರೂ ಬೆರಳು ಆನೆಯ ಹತ್ತಿರವೇ ಹೋಗಿ ನಿಲ್ಲುತ್ತದೆ, ಅದೂ ಎಡಗೈಯ ಬೆರಳು. ಕೈ ಹಿಂದೆ ಎಳೆದುಕೊಂಡು, ಮುಚ್ಚಳ ಮುಚ್ಚಿ, ಅಡುಗೆಮನೆಗೆ ಹೋಗಿ ಏನಾದರೂ ಹೆಚ್ಚುತ್ತಾ ನಿಲ್ಲುತ್ತೇನೆ. ನಮ್ಮ ಮನೆಯ ಕಾನೂನಿನಲ್ಲಿ ಗಡಿಯಾರ ಇಲ್ಲ, ಇಷ್ಟು ಹೊತ್ತಿನೊಳಗೆ ಆಡಬೇಕೆಂದು ಯಾರೂ ಹೇಳುವಂತಿಲ್ಲ. ಅಜ್ಜಿ ಹೇಳಿದ ಜಿಗಿತಕ್ಕಿಂತ ದೊಡ್ಡ ವರ ಇದೇ ಎಂದು ಈಗ ಅನಿಸುತ್ತದೆ.

ಚಿಕ್ಕಪ್ಪ ದಿನಾ ಸಂಜೆ ಫೋನ್ ಮಾಡುತ್ತಾರೆ. ಮಳೆ, ಮೊಮ್ಮಕ್ಕಳ ಪರೀಕ್ಷೆ, ತಮ್ಮನ ಹೆಂಡತಿ ಉಪ್ಪು ಕಮ್ಮಿ ಹಾಕುವುದು, ಎಲ್ಲ ಆದ ಮೇಲೆ ಕೊನೆಗೆ ಅದೇ ಪ್ರಶ್ನೆ, ಆಡಿದಿಯಾ ಎಂದು. ನಿನ್ನೆಯೂ ಕೇಳಿದರು. ಇಲ್ಲ ಚಿಕ್ಕಪ್ಪ, ಇನ್ನೂ ಯೋಚನೆ ಮಾಡುತ್ತಿದ್ದೇನೆ ಎಂದೆ. ನಾನು ಚಿಕ್ಕವಳಿದ್ದಾಗ ಹುಣಸೆಬೀಜ ಎಣಿಸಿ ಕೊಡುತ್ತಿದ್ದ ಅದೇ ದನಿಯಲ್ಲಿ ಹೇಳಿದರು:

"ನಿಧಾನಕ್ಕೆ ಆಡು ಮಗಳೇ. ಅವನಿಗೂ ಅವಸರ ಇಲ್ಲವಂತೆ."